ಎಲೆಯೇ ಮರದ ವಿಳಾಸ

(ಮಲೆನಾಡಿನ ಕಾಲೇಜೊಂದರ ವಿದ್ಯಾರ್ಥಿಗಳು ಕಾಡಿನ ಶಿಬಿರಕ್ಕೆ ಹೊರಡುವ ಮುನ್ನ ನಮ್ಮ ವರದಿಗಾರರು ಮಾಡಿದ ಭಾಷಣದ ಬರಹರೂಪ)



ಆಟಿ ತಿಂಗಳ ಅಮಾವಾಸ್ಯೆಯಂದು ತುಳುನಾಡಿನ ಮನೆಗಳಲ್ಲಿ ಒಂದು ಕಹಿ ಕಷಾಯ ಕುಡಿಯುವ ಪದ್ಧತಿ ಇದೆ. ಬೆಳಕು ಹರಿಯುವ ಮುಂಚೆಯೇ ಮನೆಯ ಗಂಡಸರೊಬ್ಬರು ಹೋಗಿ ಹಾಲೆ ಮರದ ತೊಗಟೆ ತರುತ್ತಾರೆ. ತುಳುವಿನಲ್ಲಿ ಈ ಮರಕ್ಕೆ ಪಾಲೆ ಎಂದು ಹೆಸರು. ತೊಗಟೆಯನ್ನು ಕತ್ತಿಯಿಂದ ಕೆತ್ತುವಂತಿಲ್ಲ, ಕಲ್ಲಿನಿಂದ ಜಜ್ಜಿ ತೆಗೆಯಬೇಕು ಎಂಬುದು ರೂಢಿ. ರಸಕ್ಕೆ ಓಮ, ಬೆಳ್ಳುಳ್ಳಿ, ಕರಿಮೆಣಸು ಸೇರಿಸಿ, ಕಾಯಿಸಿದ ಬೆಣಚುಕಲ್ಲನ್ನು ಅದರಲ್ಲಿ ಅದ್ದಿ, ಬರಿ ಹೊಟ್ಟೆಯಲ್ಲಿ ಕುಡಿಯುತ್ತಾರೆ. ಆಮೇಲೆ ಮೆಂತೆ ಗಂಜಿ.

ಈ ಆಚರಣೆಯ ಔಷಧೀಯ ಗುಣಗಳ ಬಗ್ಗೆ ಪ್ರತಿ ವರ್ಷ ಪತ್ರಿಕೆಗಳಲ್ಲಿ ಬರೆಯುತ್ತೇವೆ. ಅದರ ಹಿಂದಿರುವ ಇನ್ನೊಂದು ವಿದ್ಯೆಯ ಬಗ್ಗೆ ಬರೆಯುವುದು ಕಡಿಮೆ. ಕರಾವಳಿಯ ಗುಡ್ಡಗಳಲ್ಲಿ ಹಾಲೆ ಬೆಳೆಯುವ ಕಡೆಯಲ್ಲೇ ಕಾಸರಕವೂ ಬೆಳೆಯುತ್ತದೆ. ಅದರ ಬೀಜದಲ್ಲಿ ಸ್ಟ್ರಿಕ್ನಿನ್ ಎಂಬ ಘೋರ ವಿಷವಿದೆ; ತೊಗಟೆಯೂ ವಿಷಕರ. ಅದೂ ಕಹಿಯೇ. ಬೇಸಿಗೆಯಲ್ಲಾದರೆ ಕಾಸರಕ ಎಲೆ ಉದುರಿಸಿ ಬೋಳಾಗಿ ನಿಂತಿರುತ್ತದೆ. ಆಟಿಯ ಮಳೆಯಲ್ಲಿ ಅದೂ ಹಸಿರು, ಇದೂ ಹಸಿರು. ಆ ಹೊತ್ತಿನಲ್ಲಿ ಎರಡನ್ನೂ ಬೇರ್ಪಡಿಸಿ ಹೇಳುವುದು ಎಲೆ ಮತ್ತು ಸೊನೆ. ಹಾಲೆಯ ಎಲೆಗಳು ಒಂದು ಗಿಣ್ಣಿನ ಸುತ್ತ ಕೊಡೆಯ ಕಡ್ಡಿಗಳಂತೆ ಹರಡಿಕೊಂಡಿರುತ್ತವೆ, ಸಾಮಾನ್ಯವಾಗಿ ನಾಲ್ಕರಿಂದ ಏಳೆಂಟು. ಚಿವುಟಿದರೆ ಬಿಳಿ ಹಾಲು ಬರುತ್ತದೆ. ಕಾಸರಕದ ಎಲೆಗಳು ಎದುರುಬದುರಾಗಿ ಎರಡೆರಡೇ ಇರುತ್ತವೆ, ಎಲೆಯ ಬುಡದ ಹತ್ತಿರದಿಂದಲೇ ಮೂರು ಅಥವಾ ಐದು ನರಗಳು ತುದಿಯತ್ತ ಬಾಗಿಕೊಂಡು ಹೋಗುತ್ತವೆ, ಹಾಲು ಇಲ್ಲ. ಹಿಂದೆ ಊರಿನಲ್ಲಿ ಈ ವ್ಯತ್ಯಾಸ ಬಲ್ಲವರೇ ತೊಗಟೆಗೆ ಹೋಗುತ್ತಿದ್ದರು. ಈಗ ಪೇಟೆಯಿಂದ ಊರಿಗೆ ಬಂದ ಮಗನ ಕೈಗೆ ಕಲ್ಲು ಕೊಟ್ಟು ಕಳಿಸಿದರೆ ಏನಾದೀತು ಎಂದು ಯೋಚಿಸಿ. ಮರ ಗೊತ್ತಿಲ್ಲದವರು ಇಂಥ ಕಷಾಯದ ಗೋಜಿಗೆ ಹೋಗದಿರುವುದೇ ಲೇಸು.

ಎಲೆ ನೋಡಿ ಮರ ಗುರುತಿಸುವುದು ಹವ್ಯಾಸಿಗಳ ಕಾಲಕ್ಷೇಪ ಎಂದು ಭಾವಿಸುವವರಿದ್ದಾರೆ. ಅದು ಜೀವ ಕಾಯುವ ವಿದ್ಯೆ, ಮನುಷ್ಯರದ್ದೂ ಮರದ್ದೂ. ಈ ಮಾತನ್ನು ನಮ್ಮ ನಿತ್ಯಹಸಿರು ಮರಗಳ ಉದಾಹರಣೆಗಳಿಂದಲೇ ವಿವರಿಸಲು ಪ್ರಯತ್ನಿಸುತ್ತೇನೆ.

ಹೂ ಯಾಕೆ ಸಾಲದು?

ಮೊದಲು 'ನಿತ್ಯಹಸಿರು' ಎಂಬ ಮಾತಿನ ಅರ್ಥ ನೋಡೋಣ. ಪುಸ್ತಕದ ಭಾಷೆಯಲ್ಲಿ ಇದನ್ನೇ ನಿತ್ಯಹರಿದ್ವರ್ಣ ಎನ್ನುತ್ತಾರೆ. ಈ ಮರಗಳು ಎಲೆ ಉದುರಿಸುವುದೇ ಇಲ್ಲ ಎಂಬುದು ತಪ್ಪು ತಿಳಿವಳಿಕೆ. ಹಲಸಿನ ಮರದ ಅಡಿ ಗುಡಿಸುವವರನ್ನು ಕೇಳಿದರೆ ಗೊತ್ತಾಗುತ್ತದೆ, ವರ್ಷವಿಡೀ ತರಗೆಲೆ ಬೀಳುತ್ತಲೇ ಇರುತ್ತದೆ. ತೇಗ, ಮತ್ತಿಯಂಥ ಮರಗಳು ಒಣಹವೆಯಲ್ಲಿ ಒಮ್ಮೆಗೇ ಎಲ್ಲ ಎಲೆ ಕಳಚುತ್ತವೆ. ನಿತ್ಯಹಸಿರು ಮರಗಳಲ್ಲಿ ಹಳೆಯ ಎಲೆ ಬಿದ್ದಂತೆ ಹೊಸದು ಬರುತ್ತದೆ, ಮರ ಬೋಳಾಗುವುದಿಲ್ಲ. ಮಳೆ ಹೆಚ್ಚಿ ಒಣ ತಿಂಗಳು ಕಡಿಮೆಯಾದಲ್ಲಿ ಇದು ಸಾಧ್ಯ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್ ಮೀರಿ ಮಳೆ ಸುರಿಯುತ್ತದೆ. ಅಲ್ಲಿನ ಮರಗಳ ಎಲೆ ದಪ್ಪ, ಮೇಲ್ಮೈ ಮೇಣ ಸವರಿದಂತೆ ನುಣುಪು. ಅನೇಕ ಎಲೆಗಳ ತುದಿ ಮೊನಚಾಗಿ ಉದ್ದಕ್ಕೆ ಎಳೆದಂತಿರುತ್ತದೆ, ಬಿದ್ದ ನೀರು ಆ ತುದಿಯಿಂದ ಬೇಗ ತೊಟ್ಟಿಕ್ಕಿ ಹೋಗುತ್ತದೆ.

ಇಂಥ ಕಾಡಿನಲ್ಲಿ ಗುರುತು ಹಿಡಿಯುವ ಕೆಲಸ ಕಷ್ಟ. ಮರ ನೂರಡಿ ಎತ್ತರ. ಹೂ ಬಿಡುವುದು ವರ್ಷಕ್ಕೆ ಕೆಲವೇ ವಾರ, ಅದೂ ನೆತ್ತಿಯಲ್ಲಿ. ಕಾಯಿ ಬಿದ್ದರೆ ಮಂಗಗಳೂ ಹಕ್ಕಿಗಳೂ ಬಿಡುವುದಿಲ್ಲ. ಹನ್ನೆರಡು ತಿಂಗಳೂ ಸಿಗುವುದೆಂದರೆ ಎಲೆ ಮತ್ತು ತೊಗಟೆ.

ಆದರೆ ಸಸ್ಯಶಾಸ್ತ್ರದ ಪಾಠ ಬಹುಕಾಲ ಹೂವಿನ ಸುತ್ತಲೇ ಇತ್ತು. ಸ್ವೀಡನ್ನಿನ ಕಾರ್ಲ್ ಲಿನೇಯಸ್ 1735ರಲ್ಲಿ ಸಸ್ಯಗಳನ್ನು ವಿಂಗಡಿಸಿದ್ದು ಹೂವಿನೊಳಗಿನ ಕೇಸರ, ಶಲಾಕೆಗಳ ಲೆಕ್ಕದಿಂದ. ಇಂದು ವರ್ಗೀಕರಣದ ವಿಧಾನ ಬದಲಾಗಿದೆ. ಆದರೂ ಕಾಲೇಜಿನಲ್ಲಿ ಸಸ್ಯದ ಕುಟುಂಬ ಹೇಳಬೇಕಾದರೆ ಹೂ ಕತ್ತರಿಸಿ ನೋಡುವ ಕ್ರಮ ಉಳಿದಿದೆ. ಹೂ ನಂಬಿಗಸ್ತ ಸಾಕ್ಷಿ, ಸಂದೇಹವಿಲ್ಲ. ನಮಗೆ ಬೇಕಾದಾಗ ಆ ಸಾಕ್ಷಿ ಊರಿನಲ್ಲಿ ಇರುವುದಿಲ್ಲ, ಅಷ್ಟೇ.

ಕಾಡಿನ ಅಂಚಿನಲ್ಲಿ ಬದುಕುವವರು ಹೂವಿಗಾಗಿ ಕಾಯುವಂತಿರಲಿಲ್ಲ. ಅಡಿಕೆ ತೋಟಕ್ಕೆ ಸೊಪ್ಪಿನಬೆಟ್ಟದಿಂದ ಸೊಪ್ಪು ತರುವ ರೈತ, ನಾಟಿ ಔಷಧ ಕೊಡುವ ಅಜ್ಜಿ, ಹಲಸಿನೆಲೆ ಆಯುವ ಹೆಂಗಸು, ಎಲ್ಲರೂ ಓದುತ್ತಿದ್ದುದು ಎಲೆಯನ್ನೇ. ಕೊಡಗಿನಲ್ಲಿ ಕಕ್ಕಡ ಹದಿನೆಂಟರಂದು ಮದ್ದುಸೊಪ್ಪಿನ ಪಾಯಸ ಮಾಡುವವರು ಇಂದಿಗೂ ಎಲೆ ನೋಡಿಯೇ ಗಿಡ ಕೀಳುತ್ತಾರೆ.

ಎಲೆಗೆ ಐದು ಪ್ರಶ್ನೆ

ನಾನು ಸಸ್ಯವಿಜ್ಞಾನಿಯಲ್ಲ, ಪತ್ರಿಕೆಯಲ್ಲಿ ದುಡಿಯುವ ವರದಿಗಾರ. ಸುದ್ದಿ ಬರೆಯುವವರಿಗೆ ಯಾರು, ಏನು, ಎಲ್ಲಿ, ಯಾವಾಗ, ಏಕೆ ಎಂದು ಕೇಳಲು ಕಲಿಸುತ್ತಾರೆ. ಎಲೆಗೂ ಐದು ಪ್ರಶ್ನೆ ಕೇಳಬಹುದು.

ಮೊದಲನೆಯದು, ಇದು ಒಂಟಿ ಎಲೆಯೋ, ಹಲವು ಎಸಳುಗಳು ಸೇರಿದ ಸಂಯುಕ್ತ ಎಲೆಯೋ? ಅಡುಗೆಮನೆಯಲ್ಲಿ 'ಒಂದು ಎಸಳು ಕರಿಬೇವು' ಎನ್ನುತ್ತೇವಲ್ಲ, ಒಂದು ಕಡ್ಡಿಗೆ ಸಾಲಾಗಿ ಹಲವು ಹಸಿರು ತುಣುಕುಗಳಿರುವ ಆ ಇಡೀ ಕಡ್ಡಿಯೇ ಶಾಸ್ತ್ರದ ಪ್ರಕಾರ ಒಂದು ಎಲೆ. ನಾವು ಎಲೆ ಎನ್ನುವ ಒಂದೊಂದು ತುಣುಕೂ ಅದರ ಭಾಗ, ಕಿರುಎಲೆ. ಗುರುತಿಸುವುದು ಸುಲಭ. ಎಲೆಯ ತೊಟ್ಟು ಕೊಂಬೆಗೆ ಸೇರುವ ಸಂದಿಯಲ್ಲಿ ಒಂದು ಮೊಗ್ಗು ಇರುತ್ತದೆ, ನಾಳೆ ಅದೇ ಕೊಂಬೆಯಾಗಿ ಬೆಳೆಯಬಹುದು. ಕಿರುಎಲೆಯ ಬುಡದಲ್ಲಿ ಈ ಮೊಗ್ಗು ಇರುವುದಿಲ್ಲ. ಮಾವು, ಹಲಸು, ಸಂಪಿಗೆ, ನೇರಳೆ ಒಂಟಿ ಎಲೆಯವು. ಹುಣಸೆ, ಕರಿಬೇವು ಸಂಯುಕ್ತ ಎಲೆಯವು.

ಎರಡನೆಯದು, ಕೊಂಬೆಯ ಮೇಲೆ ಎಲೆಗಳು ಹೇಗೆ ಕುಳಿತಿವೆ? ಕಾಫಿ ತೋಟದಲ್ಲಿ ಬೆಳೆದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಕಾಫಿಯ ಎಲೆಗಳು ಎದುರುಬದುರು ಜೋಡಿ. ಆ ಎರಡು ತೊಟ್ಟುಗಳ ನಡುವೆ ಗಿಣ್ಣಿನ ಮೇಲೆ ಚಿಕ್ಕದೊಂದು ತ್ರಿಕೋನಾಕಾರದ ಸಿಪ್ಪೆ ಇರುತ್ತದೆ. ಎದುರುಬದುರು ಎಲೆ, ನಡುವೆ ಈ ಸಿಪ್ಪೆ, ಇವೆರಡೂ ಕಂಡರೆ ಆ ಗಿಡ ಬಹುಮಟ್ಟಿಗೆ ಕಾಫಿಯ ನೆಂಟ ಎನ್ನಬಹುದು. ಕೇಪಳದಲ್ಲೂ ಇದೇ ಗುರುತು ಕಾಣುತ್ತದೆ. ನೇರಳೆ, ಉಪ್ಪಾಗೆ, ಮುರುಗಲು, ನಾಗಸಂಪಿಗೆಗಳದ್ದೂ ಎದುರುಬದುರು ಎಲೆಯೇ, ಆದರೆ ಈ ಸಿಪ್ಪೆ ಇಲ್ಲ. ಹಲಸು, ಸಂಪಿಗೆ, ರಾಮಪತ್ರೆಗಳಲ್ಲಿ ಗಿಣ್ಣಿಗೆ ಒಂದೇ ಎಲೆ. ಮಾವಿನದೂ ಹಾಗೆಯೇ, ಆದರೆ ಎಲೆಗಳು ಕೊಂಬೆಯ ತುದಿಯಲ್ಲಿ ಗುಂಪುಗೂಡಿರುತ್ತವೆ. ಇನ್ನು ಸುತ್ತುಗಟ್ಟುವ ಹಾಲೆಯ ಕತೆ ಆಗಲೇ ಹೇಳಿದೆ. ಸಂಸ್ಕೃತದಲ್ಲಿ ಅದಕ್ಕೆ ಸಪ್ತಪರ್ಣ ಎಂಬ ಹೆಸರು ಬಂದದ್ದು ಎಲೆಯ ಲೆಕ್ಕದಿಂದಲೇ. ಶಾಂತಿನಿಕೇತನದ ವಿಶ್ವಭಾರತಿಯ ಘಟಿಕೋತ್ಸವದಲ್ಲಿ ಪದವೀಧರರಿಗೆ ಕೊಡುತ್ತಿದ್ದುದು ಈ ಮರದ ಎಲೆಗಳನ್ನೇ.

ಮೂರನೆಯದು, ನರಗಳ ಓಟ ಹೇಗಿದೆ? ಅಂಗಡಿಯಿಂದ ತಂದ ಪಲಾವ್ ಎಲೆಯನ್ನು ಇವತ್ತು ಸಂಜೆ ನೋಡಿ. ಬುಡದಿಂದ ಮೂರು ಉದ್ದ ಗೆರೆಗಳು ತುದಿಯವರೆಗೆ ಹೋಗಿರುತ್ತವೆ. ಇದು ದಾಲ್ಚಿನ್ನಿಯ ವಂಶದ ಗುರುತು. ನಮ್ಮ ಕಾಡಿನ ದಾಲ್ಚಿನ್ನಿಯ ಎಲೆಯಲ್ಲೂ ಈ ಮೂರು ಗೆರೆ ಉಂಟು. ಯುರೋಪಿನ ಅಡುಗೆಯಲ್ಲಿ ಬಳಸುವ ಬೇ ಎಲೆಗೆ ನಡುವೆ ಒಂದೇ ದಪ್ಪ ನರ. ಎರಡನ್ನೂ ಒಂದೇ ಹೆಸರಿನಿಂದ ಮಾರುವುದುಂಟು, ಎಲೆ ಮಾತ್ರ ತಾನು ಯಾರೆಂದು ಹೇಳಿಬಿಡುತ್ತದೆ. ಸುರಹೊನ್ನೆಯ ಎಲೆ ಇನ್ನೂ ಸೊಗಸು. ನಡುನರದಿಂದ ಅಂಚಿನವರೆಗೆ ಬಾಚಣಿಗೆಯ ಹಲ್ಲಿನಂತೆ ಒತ್ತೊತ್ತಾಗಿ ನವಿರಾದ ಸಮಾಂತರ ಗೆರೆಗಳು. ಸೀಮೆಎಣ್ಣೆ ಬರುವ ಮುಂಚೆ ಕರಾವಳಿಯ ಮನೆಗಳಲ್ಲಿ ದೀಪಕ್ಕೆ ಉರಿಸುತ್ತಿದ್ದ ಹೊನ್ನೆಎಣ್ಣೆ ಈ ಮರದ ಬೀಜದ್ದು. ಮರಮುಟ್ಟಿಗೆ ಹೆಸರಾದ ಹೊನ್ನೆಯೇ ಬೇರೆ. ಅದು ಎಲೆ ಉದುರಿಸುವ ಮರ, ಅದರದ್ದು ಸಂಯುಕ್ತ ಎಲೆ. ನೇರಳೆಯ ಎಲೆಯಲ್ಲಿ ಪಕ್ಕದ ನರಗಳೆಲ್ಲ ಅಂಚಿಗೆ ಮುಟ್ಟುವ ಮೊದಲೇ ಒಂದು ಗೆರೆಯಲ್ಲಿ ಕೂಡಿಕೊಳ್ಳುತ್ತವೆ, ಸೀರೆಯ ಅಂಚಿನಂತೆ. ಬೆಳಕಿಗೆ ಹಿಡಿದರೆ ಎಣ್ಣೆಯ ಸಣ್ಣ ಚುಕ್ಕೆಗಳು ಹೊಳೆಯುತ್ತವೆ.

ನಾಲ್ಕನೆಯದು, ಸೊನೆ ಮತ್ತು ವಾಸನೆ. ಹಲಸಿನದು ಬಿಳಿ ಹಾಲು. ಉಪ್ಪಾಗೆಯದು ಹಳದಿ ಸೊನೆ. ರಾಮಪತ್ರೆಯ ತೊಗಟೆಗೆ ಗಾಯವಾದರೆ ರಕ್ತದಂಥ ಕೆಂಪು ರಸ ಇಳಿಯುತ್ತದೆ. ಮಾವಿನ ಎಲೆ ಹೊಸಕಿದರೆ ಮಾವಿನಕಾಯಿಯ ವಾಸನೆ, ದಾಲ್ಚಿನ್ನಿಯದು ಮಸಾಲೆಯ ಪರಿಮಳ. ಇಲ್ಲೊಂದು ಎಚ್ಚರಿಕೆ ಅಗತ್ಯ. ಮಾವಿನ ವಂಶದಲ್ಲೇ ಹೊಳೆಗೇರು ಎಂಬ ಮರವಿದೆ. ಎಲೆಗಳು ಮಾವಿನಂತೆಯೇ ಕೊಂಬೆಯ ತುದಿಯಲ್ಲಿ ಗುಂಪುಗಟ್ಟಿರುತ್ತವೆ. ಅದರ ಸೊನೆ ಗಾಳಿಗೆ ಕಪ್ಪಾಗುತ್ತದೆ. ಮೈಗೆ ತಾಗಿದರೆ ಚರ್ಮ ಸುಟ್ಟಂತೆ ಬೊಬ್ಬೆ ಏಳುತ್ತದೆ. ಅದರ ಗುರುತು ತೊಟ್ಟಿನಲ್ಲಿದೆ, ಎರಡು ಪಕ್ಕಕ್ಕೂ ಒಂದೊಂದು ಪುಟ್ಟ ಮುಳ್ಳಿನಂಥ ಎಳೆ. ಬಲಿತ ಎಲೆಯಲ್ಲಿ ಅದು ಉದುರಿ ಗುರುತಷ್ಟೇ ಉಳಿದಿರಬಹುದು. ಆದ್ದರಿಂದ ಗೊತ್ತಿಲ್ಲದ ಎಲೆಯನ್ನು ಮೊದಲು ಕಣ್ಣಿನಿಂದ ನೋಡಿ, ಆಮೇಲೆ ಕೈಯಿಂದ ಮುಟ್ಟಿ. ಬಾಯಿಗಂತೂ ಹಾಕಲೇಬೇಡಿ.

ಐದನೆಯದು, ಎಲೆಯ ಬೆನ್ನು ಹೇಗಿದೆ? ನಾವೆಲ್ಲ ಎಲೆಯ ಮುಖ ನೋಡಿ ಸುಮ್ಮನಾಗುತ್ತೇವೆ. ಗುಟ್ಟು ಇರುವುದು ಬೆನ್ನಿನಲ್ಲಿ. ನಾಗಸಂಪಿಗೆಯ ಎಲೆ ಮೇಲೆ ಕಡುಹಸಿರು, ಬೆನ್ನಿಗೆ ಸುಣ್ಣ ಸವರಿದಂತೆ ಬಿಳುಪು. ಅದರ ಚಿಗುರು ಕೆಂಪಾಗಿ ಜೋತುಬಿದ್ದಾಗ ದೂರದಿಂದ ಮರವೇ ಹೂ ಬಿಟ್ಟಂತೆ ಕಾಣುತ್ತದೆ. ಹೆಬ್ಬಲಸಿನ ಎಲೆಯ ಬೆನ್ನಿನಲ್ಲಿ ಒರಟು ರೋಮಗಳು. ಮನೆ ಹಿತ್ತಲಿನ ಹಲಸಿನದು ನುಣುಪು. ಕಾಫಿ ಎಲೆಯ ಬೆನ್ನಿನಲ್ಲಿ ನಡುನರಕ್ಕೆ ಪಕ್ಕದ ನರ ಸೇರುವ ಮೂಲೆಯಲ್ಲಿ ಸೂಜಿ ಚುಚ್ಚಿದಷ್ಟು ಚಿಕ್ಕ ಗುಳಿ ಕಾಣುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಹುಳುಗಳಿಗೆ ಅದೇ ಮನೆ. ಕಾಡಿನ ಅನೇಕ ಮರಗಳಲ್ಲಿ ಇಂಥ ಗುಳಿಗಳೇ ಜಾತಿ ಹೇಳುವ ಸುಳಿವು.

ಧೂಪ ಒಂದೇ ಹೆಸರು, ಮರ ಮೂರು

ಈ ಐದು ಪ್ರಶ್ನೆಗಳಿಂದ ಏನು ಪ್ರಯೋಜನ? ದೇವರ ಮನೆಯಿಂದಲೇ ಉದಾಹರಣೆ ಕೊಡುತ್ತೇನೆ. ನಮ್ಮಲ್ಲಿ 'ಧೂಪದ ಮರ' ಎಂದರೆ ಯಾವುದು? ಕರಾವಳಿಯವರು, ಕೊಡಗಿನವರು ಸಾಲುಧೂಪ ಎನ್ನುತ್ತಾರೆ. ರಸ್ತೆಯ ಬದಿಗೆ ಸಾಲಾಗಿ ನೆಟ್ಟದ್ದರಿಂದ ಆ ಹೆಸರು ಬಂದಿರಬಹುದು. ಇದರ ರಾಳ ತಿಳಿ ಬಣ್ಣದ್ದು. ಕಾಡಿನೊಳಗಿನವರು ಕರಿಧೂಪ ಅಥವಾ ರಾಳಧೂಪ ಎಂದು ಬೇರೊಂದು ಮರವನ್ನು ತೋರಿಸುತ್ತಾರೆ. ಅದರ ರಾಳ ಕಪ್ಪು. ಊದುಬತ್ತಿ ತಯಾರಿಸುವವರನ್ನು ಕೇಳಿದರೆ ಹಾಲುಮಡ್ಡಿ ಎಂಬ ಮೂರನೆಯ ಮರದ ಹೆಸರು ಹೇಳುತ್ತಾರೆ, ಅದಕ್ಕೂ ಕೆಲವೆಡೆ ಧೂಪ ಎಂದೇ ಹೆಸರು. ಮೂರೂ ಬೇರೆ ಬೇರೆ ಕುಟುಂಬಕ್ಕೆ ಸೇರಿದ ಮರಗಳು.

ಎಲೆ ನೋಡಿದರೆ ಗೊಂದಲ ಹರಿಯುತ್ತದೆ. ಸಾಲುಧೂಪದ್ದು ಒಂಟಿ ಎಲೆ, ದೊಡ್ಡದು, ದಪ್ಪ. ತೊಟ್ಟು ಎಲೆಗೆ ಸೇರುವ ಕಡೆ ಗಂಟಿನಂತೆ ಉಬ್ಬಿರುತ್ತದೆ. ಕರಿಧೂಪದ್ದು ಸಂಯುಕ್ತ ಎಲೆ. ಎಳೆಯ ಗಿಡದ ಚಿಗುರೆಲೆ ಕಡುಗೆಂಪಾಗಿದ್ದು ಕಾಡಿನಲ್ಲಿ ದೂರದಿಂದಲೇ ಕಣ್ಣಿಗೆ ಬೀಳುತ್ತದೆ. ಹಾಲುಮಡ್ಡಿಯದೂ ಸಂಯುಕ್ತವೇ, ಆದರೆ ಎಲೆ ಬಹಳ ಉದ್ದ. ಕಿರುಎಲೆಗಳು ಕುಡುಗೋಲಿನಂತೆ ಬಾಗಿದ್ದು, ಬುಡದಲ್ಲಿ ಒಂದು ಬದಿ ಅಗಲ, ಇನ್ನೊಂದು ಬದಿ ಕಿರಿದು.

ಇದು ಹೆಸರಿನ ಜಿಜ್ಞಾಸೆಯಷ್ಟೇ ಆಗಿದ್ದರೆ ಬಿಡಬಹುದಿತ್ತು. ರಾಳ ತೆಗೆಯಲು ಮರದ ಕಾಂಡಕ್ಕೆ ಗಾಯ ಮಾಡುತ್ತಾರೆ, ಕೆಲವೊಮ್ಮೆ ಬುಡದಲ್ಲಿ ಬೆಂಕಿ ಇಡುತ್ತಾರೆ. ಮಿತಿ ಮೀರಿದರೆ ಮರ ಸಾಯುತ್ತದೆ. ಯಾವ ಮರಕ್ಕೆ ಎಷ್ಟು ಗಾಯ ತಾಳುವ ಶಕ್ತಿ ಇದೆ ಎಂಬುದು ಒಂದೊಂದಕ್ಕೂ ಬೇರೆ. ಮರಗಳ ಲೆಕ್ಕ ಬರೆಯುವ ಪುಸ್ತಕದಲ್ಲಿ ಮೂರಕ್ಕೂ 'ಧೂಪ' ಎಂದೇ ಬರೆದುಕೊಂಡರೆ, ಯಾವುದು ಉಳಿದಿದೆ, ಯಾವುದು ಮುಗಿಯುತ್ತಿದೆ ಎಂದು ತಿಳಿಯುವುದಾದರೂ ಹೇಗೆ?

ಯಾವ ಅಶೋಕ?

ಇದಕ್ಕಿಂತ ದೊಡ್ಡ ಗೊಂದಲ ನಮ್ಮ ಶಾಲೆಗಳ ಆವರಣದಲ್ಲೇ ಇದೆ. ಗೋಡೆಯ ಬದಿಗೆ ಕಂಬದಂತೆ ನೆಟ್ಟಗೆ ನಿಂತು, ಕೊಂಬೆಗಳನ್ನು ಕೆಳಗೆ ಇಳಿಬಿಟ್ಟ ಮರವನ್ನು ಎಲ್ಲರೂ ಅಶೋಕ ಎನ್ನುತ್ತಾರೆ. ಸೀತೆ ಕುಳಿತದ್ದು ಇದರಡಿಯಲ್ಲೇ ಎಂದು ಮಕ್ಕಳಿಗೆ ಹೇಳುತ್ತೇವೆ. ಪಾಪ, ಆ ಮರದ ಕೆಳಗೆ ಕೂತರೆ ಒಬ್ಬರಿಗೂ ನೆರಳಿಲ್ಲ! ಅದು ಸೀತಾಫಲದ ವಂಶಕ್ಕೆ ಸೇರಿದ ಬೇರೆಯೇ ಮರ. ನಿಜವಾದ ಅಶೋಕ ನಮ್ಮ ಪಶ್ಚಿಮಘಟ್ಟದ ಹಳ್ಳಕೊಳ್ಳಗಳ ಬದಿಯಲ್ಲಿ ಬೆಳೆಯುವ, ಕೊಂಬೆ ಹರಡಿದ ನೆರಳಿನ ಮರ. ಹುಣಸೆಯ ವಂಶದ್ದು.

ಹೂ ಬಿಟ್ಟಾಗ ಮಗುವೂ ಗುರುತಿಸಬಹುದು. ನಿಜವಾದ ಅಶೋಕದಲ್ಲಿ ಕಿತ್ತಳೆಯಿಂದ ಕೆಂಪಿಗೆ ತಿರುಗುವ ಹೂಗೊಂಚಲು, ಇನ್ನೊಂದರಲ್ಲಿ ಎಲೆಯ ನಡುವೆ ಕಾಣದಂತಿರುವ ತಿಳಿಹಸಿರು ಹೂ. ಹೂವಿಲ್ಲದಾಗ? ಎಲೆ ನೋಡಿ. ಕಂಬದಂಥ ಮರದ್ದು ಒಂಟಿ ಎಲೆ; ಉದ್ದಕ್ಕೆ, ಕಿರಿದಾಗಿ, ಅಂಚು ಅಲೆಅಲೆ. ನಿಜವಾದ ಅಶೋಕದ್ದು ಸಂಯುಕ್ತ ಎಲೆ. ಒಂದು ಕಡ್ಡಿಗೆ ಮೂರರಿಂದ ಆರು ಜೊತೆ ಕಿರುಎಲೆಗಳು, ತುದಿಯಲ್ಲಿ ಒಂಟಿ ಎಲೆ ಇಲ್ಲ. ಹೊಸ ಚಿಗುರು ತಾಮ್ರದ ಬಣ್ಣದ್ದು, ಒದ್ದೆ ಬಟ್ಟೆಯಂತೆ ಜೋತುಬಿದ್ದಿರುತ್ತದೆ. ಮೊದಲ ಪ್ರಶ್ನೆಯೊಂದೇ ಸಾಕು, ಎರಡೂ ಬೇರೆಯಾಗುತ್ತವೆ.

ಆಯುರ್ವೇದದ ಅಶೋಕಾರಿಷ್ಟಕ್ಕೆ ಬೇಕಾದದ್ದು ನಿಜವಾದ ಅಶೋಕದ ತೊಗಟೆ. ಹೆಂಗಸರ ತೊಂದರೆಗಳಿಗೆ ಕೊಡುವ ಔಷಧ ಅದು. ಬೇಡಿಕೆ ದೊಡ್ಡದು, ಕಾಡಿನಲ್ಲಿ ಮರ ಕಡಿಮೆ. ಅದರ ಬದಲು ಕಂಬದ ಮರದ ತೊಗಟೆ ಬೆರೆತು ಮಾರುಕಟ್ಟೆಗೆ ಬರುತ್ತದೆ ಎಂಬುದನ್ನು ಸಂಶೋಧಕರು ಮತ್ತೆ ಮತ್ತೆ ತೋರಿಸಿದ್ದಾರೆ. ಒಣಗಿ ಪುಡಿಯಾದ ತೊಗಟೆಯನ್ನು ಕಣ್ಣಿನಿಂದ ಗುರುತಿಸಲಾಗದು, ಪ್ರಯೋಗಾಲಯ ಬೇಕು. ಮರದ ಬುಡದಲ್ಲಿ ನಿಂತಾಗ ಎಲೆ ನೋಡಿದ್ದರೆ ಪ್ರಯೋಗಾಲಯವೇ ಬೇಡ. ನಷ್ಟ ಎರಡು ಕಡೆಗೆ: ಔಷಧ ಕೊಂಡವರಿಗೆ ಬೇರೇನೋ ಸಿಗುತ್ತದೆ, ಇತ್ತ ನಿಜವಾದ ಅಶೋಕ ತೊಗಟೆ ಸುಲಿಸಿಕೊಂಡು ಸಾಯುತ್ತದೆ. ಅಂತರರಾಷ್ಟ್ರೀಯ ಕೆಂಪುಪಟ್ಟಿಯಲ್ಲಿ ಅದನ್ನು ಅಪಾಯಕ್ಕೀಡಾಗಬಲ್ಲ ಮರವೆಂದು ಗುರುತಿಸಲಾಗಿದೆ. ಆದರೂ 'ಅಶೋಕ ಎಲ್ಲೆಲ್ಲೂ ಇದೆಯಲ್ಲ' ಎಂದು ನಾವು ನಿಶ್ಚಿಂತರು. ಎಲ್ಲೆಲ್ಲೂ ಇರುವುದು ಹೆಸರು ಮಾತ್ರ.

ಎಲೆಗೂ ಮಿತಿ ಇದೆ

ಎಲೆ ಎಲ್ಲವನ್ನೂ ಹೇಳುತ್ತದೆ ಎಂದರೆ ಅತಿಶಯೋಕ್ತಿಯಾದೀತು. ಹಲಸಿನ ಬೀಜದ ಸಸಿಯನ್ನು ನೋಡಿ, ಕೆಲವು ಎಲೆಗಳು ಬೆರಳು ಬಿಟ್ಟಂತೆ ಸೀಳಿರುತ್ತವೆ. ಮರ ದೊಡ್ಡದಾದಂತೆ ಎಲೆ ಇಡಿಯಾಗುತ್ತದೆ. ಹೆಬ್ಬಲಸಿನಲ್ಲಿ ಈ ಸೀಳು ಇನ್ನೂ ಹೆಚ್ಚು. ಸಸಿಗೂ ಮರಕ್ಕೂ ನಂಟೇ ಇಲ್ಲವೇನೋ ಎನಿಸುತ್ತದೆ. ಒಂದೇ ಮರದಲ್ಲಿ ಬಿಸಿಲಿಗೆ ಬಿದ್ದ ಎಲೆ ಚಿಕ್ಕದು, ದಪ್ಪ. ನೆರಳಿನದು ಅಗಲ, ತೆಳು. ಆದ್ದರಿಂದ ಒಂದು ಎಲೆ ಕಿತ್ತು ತೀರ್ಮಾನ ಕೊಡುವುದು ಒಬ್ಬನ ಹೇಳಿಕೆ ಕೇಳಿ ಸುದ್ದಿ ಬರೆದಂತೆ. ಒಂದು ಕೊಂಬೆ ನೋಡಬೇಕು. ಎಳೆಯದು, ಬಲಿತದ್ದು ಎರಡನ್ನೂ ನೋಡಬೇಕು. ಕೆಳಗೆ ಬಿದ್ದ ತರಗೆಲೆಯನ್ನೂ ನೋಡಬೇಕು.

ಇನ್ನೊಂದು ಮಿತಿಯನ್ನು ಉಪ್ಪಾಗೆಯೇ ತೋರಿಸುತ್ತದೆ. ಹುಳಿಗಾಗಿ ಬಳಸುವ ಈ ಹಣ್ಣಿನ ಸಿಪ್ಪೆಗೆ 1990ರ ದಶಕದಲ್ಲಿ ಹೊರದೇಶಗಳಿಂದ ಭಾರಿ ಬೇಡಿಕೆ ಬಂತು. ಮೈ ಇಳಿಸುವ ಮಾತ್ರೆಗಳಿಗೆ ಅದರ ಸತ್ವ ಬೇಕಾಗಿತ್ತು. ಹಣ್ಣಿಗಾಗಿ ಕೊಂಬೆಗಳನ್ನೇ ಕಡಿದದ್ದುಂಟು. ಉಪ್ಪಾಗೆಗೂ ಮುರುಗಲಿಗೂ ಎಲೆಯಲ್ಲಿ ವ್ಯತ್ಯಾಸ ಕಾಣುತ್ತದೆ. ಉಪ್ಪಾಗೆಯದು ದಪ್ಪ, ಕಡುಹಸಿರು, ತುದಿಯತ್ತ ಅಗಲ. ಮುರುಗಲಿನದು ತೆಳು, ಬೆನ್ನು ಪೇಲವ. ಆದರೆ ಉಪ್ಪಾಗೆಯಲ್ಲಿ ಗಂಡು ಮರ, ಹೆಣ್ಣು ಮರ ಸಾಮಾನ್ಯವಾಗಿ ಬೇರೆಬೇರೆ. ಅದನ್ನು ಎಲೆ ಹೇಳುವುದಿಲ್ಲ. ಅದಕ್ಕೆ ಹೂವೇ ಬೇಕು. ಹಣ್ಣು ಕೊಡದ ಮರ ದಂಡವೆಂದು ಕಡಿಯುವ ಮುನ್ನ, ಪಕ್ಕದ ಮರ ಹಣ್ಣು ಬಿಡಬೇಕಾದರೆ ಇದು ಬೇಕಾಗಬಹುದು ಎಂಬುದನ್ನು ನೆನಪಿಡಬೇಕು.

ಪುಸ್ತಕ ಎಲೆಯತ್ತ ಬಂದ ಬಗೆ

ಎಲೆಬಲ್ಲವರ ಜ್ಞಾನ ಪುಸ್ತಕಕ್ಕೆ ಬಂದದ್ದರ ಹಿಂದೆ ಒಂದು ಇತಿಹಾಸವಿದೆ. ಕೊಚ್ಚಿಯಲ್ಲಿ ಡಚ್ಚರ ಅಧಿಕಾರಿಯಾಗಿದ್ದ ವಾನ್ ರೀಡ್, ಮಲಬಾರಿನ ಸಸ್ಯಗಳ ಬಗ್ಗೆ 'ಹೋರ್ಟಸ್ ಮಲಬಾರಿಕಸ್' ಎಂಬ ಗ್ರಂಥ ಮಾಡಿಸಿದ. 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಹನ್ನೆರಡು ಸಂಪುಟಗಳು ಅಚ್ಚಾದವು. ಅದರ ಜೀವಾಳ ಇಟ್ಟಿ ಅಚ್ಯುತನ್ ಎಂಬ ಈಳವ ವೈದ್ಯರ ತಿಳಿವಳಿಕೆ. ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ ಎಂಬ ಮೂವರು ಕೊಂಕಣಿ ವೈದ್ಯರೂ ನೆರವಾದರು. ಮುಂದೆ ಲಿನೇಯಸ್ ನಮ್ಮ ಅನೇಕ ಮರಗಳಿಗೆ ಲ್ಯಾಟಿನ್ ಹೆಸರಿಡುವಾಗ ಆಧಾರವಾಗಿಟ್ಟುಕೊಂಡದ್ದು ಈ ಗ್ರಂಥವನ್ನು.

ಕನ್ನಡ ನಾಡಿಗೆ ಬಂದವನು ಫ್ರಾನ್ಸಿಸ್ ಬುಕಾನನ್. ಟಿಪ್ಪುವಿನ ಪತನದ ನಂತರ, 1800-01ರಲ್ಲಿ ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿದ. 1807ರಲ್ಲಿ ಮೂರು ಸಂಪುಟಗಳ ಪ್ರವಾಸ ಗ್ರಂಥ ಹೊರಬಂತು. ಊರವರು ಹೇಳಿದ ಮರಗಳ ಹೆಸರುಗಳನ್ನು ಅವನು ಬರೆದುಕೊಂಡ. ಈಗಾಗಲೇ ಹೇಳಿದ ಹೊಳೆಗೇರಿನ ಕುಲಕ್ಕೆ ವಿಜ್ಞಾನಿಗಳು ಬಳಸುವ ಹೆಸರು ಹೊಲಿಗಾರ್ನ. ಕಿವಿಗೊಟ್ಟು ಕೇಳಿ, ಕನ್ನಡವೇ ಲ್ಯಾಟಿನ್ ವೇಷ ತೊಟ್ಟು ನಿಂತಿದೆ!

ಕನ್ನಡಿಗರಿಗೆ ಈ ಕಾಡುಗಳನ್ನು ನಗುನಗುತ್ತಾ ತೋರಿಸಿದವರು ಬಿ.ಜಿ.ಎಲ್. ಸ್ವಾಮಿ. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಗಿಡ ಹುಡುಕಲು ಹೊರಟ ಕತೆಯಾದ 'ಹಸುರು ಹೊನ್ನು' 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಶಿಬಿರಕ್ಕೆ ಹೊರಟ ನೀವು ಅದನ್ನು ಚೀಲದಲ್ಲಿ ಇಟ್ಟುಕೊಂಡರೆ ಭಾರವಾಗದು.

1987ರಲ್ಲಿ ಪಾಂಡಿಚೇರಿಯ ಫ್ರೆಂಚ್ ಸಂಸ್ಥೆಯಿಂದ ಪ್ಯಾಸ್ಕಲ್ ಮತ್ತು ಬಿ.ಆರ್. ರಮೇಶ್ ಪಶ್ಚಿಮಘಟ್ಟದ ನಿತ್ಯಹಸಿರು ಕಾಡಿನ ಮರ ಮತ್ತು ಬಳ್ಳಿಗಳನ್ನು ಗುರುತಿಸುವ ಕೈಪಿಡಿಯೊಂದನ್ನು ಹೊರತಂದರು. ಅದರ ವಿಶೇಷವೆಂದರೆ ಹೂವಿಗೆ ಕಾಯದೆ, ಮುಖ್ಯವಾಗಿ ಎಲೆ, ತೊಟ್ಟು, ಸೊನೆಗಳ ಗುರುತಿನಿಂದಲೇ ಜಾತಿಯವರೆಗೆ ಹೋಗುವ ದಾರಿ. ಹಳ್ಳಿಯವರು ಅನುಭವದಿಂದ ಬಲ್ಲ ವಿದ್ಯೆಗೆ ಶಾಸ್ತ್ರವೂ ಬಂದು ಸೇರಿದಂತಾಯಿತು.

ಕತ್ತಲೆಕಾನಿನ ಪಾಠ

ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನಲ್ಲಿ ಕತ್ತಲೆಕಾನು ಎಂಬ ಕಾಡಿದೆ. ಅಲ್ಲಿ ರಾಮಪತ್ರೆಯ ವಂಶದ ಮರಗಳು ಜೌಗುನೀರಿನಲ್ಲಿ ನಿಂತಿವೆ. ಕೆಸರಿನಲ್ಲಿ ಉಸಿರಾಡಲು ಬೇರುಗಳು ಮಂಡಿಯಂತೆ ಮಡಚಿ ಮೇಲಕ್ಕೆ ಎದ್ದಿರುತ್ತವೆ. ಇಂಥ ಜೌಗುಗಳು ತೋಟ, ಗದ್ದೆಗಳಾಗಿ ಹೋಗಿ ಈಗ ಅಲ್ಲಲ್ಲಿ ತುಣುಕುಗಳಷ್ಟೇ ಉಳಿದಿವೆ. ಈ ಕಾಡಿನಿಂದ 2000ದಲ್ಲಿ ದಾಸಪ್ಪ ಮತ್ತು ಸ್ವಾಮಿನಾಥ್ ಎಂಬ ಸಂಶೋಧಕರು ಗೇರಿನ ವಂಶದ ಒಂದು ಹೊಸ ಮರವನ್ನು ವಿಜ್ಞಾನಕ್ಕೆ ಪರಿಚಯಿಸಿದರು. ಕತ್ತಲೆಕಾನಿನ ಹೆಸರನ್ನೇ ಅದಕ್ಕೆ ಇಡಲಾಯಿತು. ಎತ್ತರದ, ದೊಡ್ಡ ಎಲೆಯ ಮರ. ಶತಮಾನಗಳಿಂದ ಅಲ್ಲೇ ನಿಂತಿತ್ತು. ಲೆಕ್ಕಕ್ಕೆ ಬಂದದ್ದು ಮಾತ್ರ ಇಪ್ಪತ್ತೊಂದನೆಯ ಶತಮಾನದ ಹೊಸ್ತಿಲಲ್ಲಿ, ಬೆರಳೆಣಿಕೆಯ ತಾಣಗಳಲ್ಲಷ್ಟೇ ಉಳಿದಿರುವಾಗ.

ಅದಕ್ಕೂ ಮುಂಚೆ ಯಾರೋ ಆ ಜೌಗನ್ನು ತೋಟ ಮಾಡಿದ್ದರೆ? ಹೆಸರಿಲ್ಲದ ಮರ ಹೆಸರಿಲ್ಲದೆಯೇ ಹೋಗುತ್ತಿತ್ತು. ಯಾವ ಕಾನೂನೂ ಅದನ್ನು ಕಾಯುತ್ತಿರಲಿಲ್ಲ, ಯಾವ ಪತ್ರಿಕೆಯಲ್ಲೂ ಸುದ್ದಿಯಾಗುತ್ತಿರಲಿಲ್ಲ. ರಸ್ತೆಗೋ ಅಣೆಕಟ್ಟಿಗೋ ಮರ ಕಡಿಯುವಾಗ 'ಇತರೆ ಕಾಡುಜಾತಿ' ಎಂಬ ಕಲಮಿನಲ್ಲಿ ಬರುವ ಅಂಕಿಯೊಳಗೆ ಏನೇನು ಅಡಗಿರಬಹುದು ಎಂದು ಕೇಳಬೇಕಾದರೆ, ಕೇಳುವವನಿಗೆ ಎಲೆ ಗೊತ್ತಿರಬೇಕು.

ಈಗ ಫೋನಿನಲ್ಲಿ ಚಿತ್ರ ತೆಗೆದರೆ ಹೆಸರು ಹೇಳುವ ಸೌಲಭ್ಯ ಬಂದಿದೆ. ಬಳಸಿ, ಅಡ್ಡಿಯಿಲ್ಲ. ಆದರೆ ಚಿತ್ರಕ್ಕೆ ವಾಸನೆ ಇಲ್ಲ, ಸೊನೆ ಇಲ್ಲ. ಎಲೆಯ ಬೆನ್ನನ್ನು ನೀವೇ ತಿರುಗಿಸಿ ತೋರಿಸದಿದ್ದರೆ ಅದು ನೋಡುವುದೂ ಇಲ್ಲ. ಅದು ಹೇಳಿದ ಹೆಸರು ಸರಿಯೇ ಎಂದು ಪರೀಕ್ಷಿಸಲು ಈ ಐದು ಪ್ರಶ್ನೆಗಳೇ ಬೇಕು.

ಶಿಬಿರದ ಮೂರು ದಿನದಲ್ಲಿ ನೂರು ಮರ ಕಲಿಯುವ ಹಟ ಬೇಡ. ಹತ್ತು ಸಾಕು. ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಮರಕ್ಕೆ ಒಂದು ಪುಟ ಇಟ್ಟು ಐದು ಉತ್ತರ ಬರೆಯಿರಿ. ಕೊಂಬೆ ಮುರಿಯಬೇಡಿ, ಬಿದ್ದ ಎಲೆ ಬೇಕಾದಷ್ಟು ಸಿಗುತ್ತದೆ. ಆಮೇಲೆ ಊರಿನ ಹಿರಿಯರ ಹತ್ತಿರ ಕುಳಿತು ಆ ಎಲೆಗಳನ್ನು ಒಂದೊಂದಾಗಿ ಮುಂದಿಡಿ. ಅವರು ಏನೆನ್ನುತ್ತಾರೆ, ಯಾವುದಕ್ಕೆ ಬಳಸುತ್ತಾರೆ, ಯಾವುದನ್ನು ಮುಟ್ಟಬೇಡ ಎನ್ನುತ್ತಾರೆ, ಎಲ್ಲವನ್ನೂ ಅದೇ ಪುಟದಲ್ಲಿ ಬರೆದುಕೊಳ್ಳಿ. ಆ ಹೆಸರುಗಳಲ್ಲಿ ಕೆಲವು ಯಾವ ಪುಸ್ತಕದಲ್ಲೂ ಇರಲಾರವು. ಹೇಳುವವರು ಇರುವಾಗಲೇ ಬರೆದಿಟ್ಟುಕೊಳ್ಳಬೇಕು.